ಗುಂಡು ಹಾರುವಾಗ ನಾಗರಿಕರೂ ಬಂದೂಕು ಎತ್ತಬೇಕೆ?

2008ರ ನವೆಂಬರ್ 26ರಂದು ಸಮುದ್ರದ ದಾರಿಯಲ್ಲಿ ಮುಂಬೈಗೆ ಬಂದಿಳಿದ ಹತ್ತು ಮಂದಿ ಉಗ್ರರು 166 ಜನರ ಜೀವ ತೆಗೆದರು. ಅಂದು ಜನರಲ್ಲಿ ನಾಲ್ಕಾರು ಮಂದಿಯ ಬಳಿಯಾದರೂ ಬಂದೂಕು ಇದ್ದಿದ್ದರೆ ಸಾವು ಕಡಿಮೆಯಾಗುತ್ತಿತ್ತೆ? ಕೇಳಲೇಬೇಕಾದ ಪ್ರಶ್ನೆ ಇದು.

ವಿಟಿಯಲ್ಲಿ ನಡೆದದ್ದು

ಹಳಬರು ಇಂದಿಗೂ ವಿಟಿ ಎನ್ನುವ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಆ ರಾತ್ರಿ ದೂರದೂರಿನ ರೈಲಿಗೆ ಕಾದಿದ್ದವರು ಗಂಟುಮೂಟೆಗಳ ನಡುವೆ ಕೂತಿದ್ದರು, ಮಕ್ಕಳನ್ನು ಮಲಗಿಸಿಕೊಂಡಿದ್ದರು. ಅಜ್ಮಲ್ ಕಸಬ್ ಮತ್ತು ಇಸ್ಮಾಯಿಲ್ ಖಾನ್ ಎಂಬಿಬ್ಬರು ಗ್ರೆನೇಡ್ ಎಸೆದು, ಎಕೆ-47ರಿಂದ ಗುಂಡು ಹಾರಿಸಿದರು. ಅಲ್ಲೊಂದೇ ಕಡೆ 58 ಮಂದಿ ಸತ್ತರು.

ನಿಲ್ದಾಣದಲ್ಲಿ ಬಂದೂಕು ಇರಲೇ ಇಲ್ಲವೆಂದಲ್ಲ. ಕೆಲವು ರೈಲ್ವೆ ಪೊಲೀಸರ ಕೈಯಲ್ಲಿ ಹಳೆಯ .303 ರೈಫಲ್‌ಗಳಿದ್ದವು. ಒಂದು ಸಲ ಗುಂಡು ಹಾರಿಸಿ ಮತ್ತೆ ಬೋಲ್ಟ್ ಎಳೆಯಬೇಕಾದ ಆಯುಧ ಅದು. ಎದುರಿಗಿದ್ದದ್ದು ಮೂವತ್ತು ಗುಂಡಿನ ಮ್ಯಾಗಜೀನ್. ಇನ್‌ಸ್ಪೆಕ್ಟರ್ ಶಶಾಂಕ್ ಶಿಂದೆ ಅಲ್ಲೇ ಹುತಾತ್ಮರಾದರು. ತರಬೇತಿ ಪಡೆದವರ ಪಾಡೇ ಹೀಗಿರುವಾಗ, ಸೊಂಟದಲ್ಲಿ .32 ರಿವಾಲ್ವರ್ ಸಿಕ್ಕಿಸಿಕೊಂಡ ಪ್ರಯಾಣಿಕ, ದಿಕ್ಕಾಪಾಲಾಗಿ ಓಡುವ ಜನರ ನಡುವೆ ಗುರಿಯಿಟ್ಟು ಹೊಡೆಯುತ್ತಿದ್ದ ಎಂದು ನಂಬುವುದು ನನಗಂತೂ ಕಷ್ಟ.

ಆ ರಾತ್ರಿ ಜನರನ್ನು ಉಳಿಸಿದ್ದು ಒಂದು ಮೈಕು. ಪ್ರಕಟಣೆ ಕೊಠಡಿಯಲ್ಲಿದ್ದ ವಿಷ್ಣು ಝೆಂಡೆ, ಲೋಕಲ್ ರೈಲುಗಳಿಂದ ಇಳಿಯುತ್ತಿದ್ದವರಿಗೆ ಗುಂಡಿನತ್ತ ಹೋಗಬೇಡಿ, ಹಿಂಬದಿಯಿಂದ ಹೊರಗೆ ಹೋಗಿ ಎಂದು ಬಿಡದೆ ಹೇಳುತ್ತಲೇ ಇದ್ದರು. ತಮ್ಮ ಕೊಠಡಿಯತ್ತಲೇ ಗುಂಡು ಬಂದರೂ ಜಾಗ ಬಿಟ್ಟು ಓಡಲಿಲ್ಲ.

ಕಾನೂನಿನಲ್ಲಿ ಅಡ್ಡಿಯಿಲ್ಲ

ತನ್ನ ಜೀವವನ್ನಷ್ಟೇ ಅಲ್ಲ, ಪರರ ಜೀವವನ್ನು ರಕ್ಷಿಸಲೂ ಬಲಪ್ರಯೋಗ ಮಾಡುವ ಹಕ್ಕು ನಮ್ಮಲ್ಲಿ ಪ್ರತಿಯೊಬ್ಬರಿಗಿದೆ. ಪ್ರಾಣಾಪಾಯ ಎದುರಾದಾಗ ದಾಳಿಕೋರನನ್ನು ಕೊಂದರೂ ಅದು ಅಪರಾಧವಲ್ಲ. ನಿರಪರಾಧಿಗೆ ಪೆಟ್ಟಾಗಬಹುದಾದ ಇಕ್ಕಟ್ಟನ್ನೂ ಕಾನೂನು ಮರೆತಿಲ್ಲ: ಬೇರೆ ದಾರಿಯೇ ಇಲ್ಲದಿದ್ದರೆ ಆ ಅಪಾಯವನ್ನು ಎದುರುಹಾಕಿಕೊಳ್ಳಬಹುದು ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 44ನೇ ಕಲಮು. ಹಳೆಯ ದಂಡ ಸಂಹಿತೆಯಲ್ಲಿ ಇದು 106ನೇ ಕಲಮಾಗಿತ್ತು.

ಆದರೆ ಬಂದೂಕು ಇಟ್ಟುಕೊಳ್ಳಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ಮುಂಬೈಯಲ್ಲಿ ಅದನ್ನು ಕೊಡುವವರು ಪೊಲೀಸ್ ಕಮಿಷನರ್. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆಯಲ್ಲ ಎನ್ನಬಹುದು. ಅಲ್ಲಿ ಕೋವಿ ಮನೆಯ ಸಂಪ್ರದಾಯದ ಭಾಗ. ಲೋಕಲ್ ರೈಲಿನ ನೂಕುನುಗ್ಗಲಿನ ಊರಿಗೆ ಅದನ್ನು ಹೋಲಿಸಲಾಗದು.

ಆಯುಧ ಯಾರ ಕೈಯಲ್ಲಿದೆ?

2023ರ ಜುಲೈ 31ರ ನಸುಕಿನಲ್ಲಿ ಜೈಪುರ–ಮುಂಬೈ ಎಕ್ಸ್‌ಪ್ರೆಸ್‌ನಲ್ಲಿ ನಾಲ್ವರು ಗುಂಡಿಗೆ ಬಲಿಯಾದರು: ಒಬ್ಬ ರೈಲ್ವೆ ರಕ್ಷಣಾ ಪಡೆಯ ಎಎಸ್‌ಐ, ಮೂವರು ಪ್ರಯಾಣಿಕರು. ಆರೋಪಿ ಅದೇ ಪಡೆಯ ಕಾನ್‌ಸ್ಟೆಬಲ್. 2024ರ ಫೆಬ್ರುವರಿಯಲ್ಲಿ ದಹಿಸರ್‌ನಲ್ಲಿ ಮಾಜಿ ಕಾರ್ಪೊರೇಟರೊಬ್ಬರನ್ನು ಕೊಂದ ಪಿಸ್ತೂಲು, ಪೊಲೀಸರ ಪ್ರಕಾರ, ಹಂತಕನ ಅಂಗರಕ್ಷಕನದು. ಅದಕ್ಕೆ ಪರವಾನಗಿ ಇತ್ತು.

ಇನ್ನೊಂದು ಆತಂಕ ಗುರುತಿನದು. 2021ರ ಜೂನ್‌ನಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಅರ್ವಾಡಾದಲ್ಲಿ ಹಂತಕನನ್ನು ಹೊಡೆದುರುಳಿಸಿದ ನಾಗರಿಕನನ್ನೇ ಹಂತಕನೆಂದು ತಿಳಿದು ಪೊಲೀಸರು ಕೊಂದರು. ಮರುವರ್ಷ ಇಂಡಿಯಾನಾ ರಾಜ್ಯದ ಗ್ರೀನ್‌ವುಡ್ ಮಾಲ್‌ನಲ್ಲಿ 22ರ ಯುವಕ ಕ್ಷಣಮಾತ್ರದಲ್ಲಿ ಹಂತಕನನ್ನು ಉರುಳಿಸಿ ಹಲವರನ್ನು ಉಳಿಸಿದ್ದೂ ಅಷ್ಟೇ ನಿಜ. ಆದರೆ ಅಂಥದ್ದು ಅಪರೂಪ. 2000ರಿಂದ 2013ರವರೆಗೆ ಅಮೆರಿಕದಲ್ಲಿ ನಡೆದ ಇಂಥ 160 ಗುಂಡಿನ ದಾಳಿಗಳನ್ನು ಎಫ್‌ಬಿಐ ಪರಿಶೀಲಿಸಿತು. ಪೊಲೀಸರಲ್ಲದ ಶಸ್ತ್ರಧಾರಿಗಳ ಪ್ರತಿದಾಳಿಯಿಂದ ಮುಗಿದದ್ದು 5. ನಿರಾಯುಧರು ಹಂತಕನನ್ನು ಹಿಡಿದು ಮುಗಿಸಿದ್ದು 21.

ಲಾಠಿಯ ತುಕಾರಾಂ

ಮತ್ತೆ ಮುಂಬೈಯ ಆ ರಾತ್ರಿಗೆ ಬಂದರೆ, ಗಿರಗಾಂವ್ ಚೌಪಾಟಿಯ ನಾಕಾಬಂದಿಯಲ್ಲಿ ಎಎಸ್‌ಐ ತುಕಾರಾಂ ಓಂಬಳೆ ಅವರ ಬಳಿ ಇದ್ದದ್ದು ಲಾಠಿ. ಕಸಬ್‌ನ ಎಕೆ-47ರ ನಳಿಗೆಯನ್ನು ಬರಿಗೈಯಲ್ಲಿ ಹಿಡಿದರು. ಗುಂಡುಗಳು ಮೈಹೊಕ್ಕರೂ ಬಿಡಲಿಲ್ಲ. ಅಷ್ಟರಲ್ಲಿ ಸಹೋದ್ಯೋಗಿಗಳು ಅವನನ್ನು ಜೀವಂತ ಸೆರೆಹಿಡಿದರು. ಓಂಬಳೆ ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು.

ಹಂತಕ ಕೈಗೆಟುಕುವಷ್ಟು ಹತ್ತಿರವಿದ್ದು ಓಡಲು ದಾರಿಯಿಲ್ಲದಿದ್ದರೆ, ಆಯುಧ ಇರಲಿ ಬಿಡಲಿ, ಎದುರಿಸಲೇಬೇಕು. ಮಿಕ್ಕ ಹೊತ್ತಿನಲ್ಲಿ ಪರವಾನಗಿ ಇದ್ದವರೂ ಪಿಸ್ತೂಲಿಗೆ ಕೈಹಾಕದೆ ಜನರನ್ನು ಹೊರಗೆ ಸಾಗಿಸಲಿ. ನಿಲ್ದಾಣಕ್ಕೋ ಮಾಲ್‌ಗೋ ಹೋದಾಗ ಹೊರಬರುವ ಇನ್ನೊಂದು ದಾರಿಯನ್ನು ನೋಡಿಟ್ಟುಕೊಳ್ಳಿ. ಗುಂಡಿನ ಸದ್ದು ಕೇಳಿದರೆ ಪಕ್ಕದವರನ್ನೂ ಎಳೆದುಕೊಂಡು ಓಡಿ, ಮರೆಗೆ ಸೇರಿದೊಡನೆ 112ಕ್ಕೆ ಕರೆ ಮಾಡಿ.