ಪರ್ಮಿಟ್ ರೂಮಿನ ಮೊದಲ ಪಾಠ
ಭಾಂಡುಪ್ ಮೊದಲಾದ ಮುಂಬಯಿ ಉಪನಗರಗಳ ಬಾರ್ ಉದ್ಯಮದಲ್ಲಿ ಕರಾವಳಿಯ ತುಳು-ಕನ್ನಡಿಗರ ಪಾಲು ದೊಡ್ಡದು. 1949ರ ಪಾನನಿಷೇಧ ಕಾಯಿದೆಯಂತೆ ಇಲ್ಲಿ ಮದ್ಯ ಸೇವಿಸಲು ಪರವಾನಗಿ ಬೇಕು. ‘ಪರ್ಮಿಟ್ ರೂಮ್’ ಎಂಬ ಹೆಸರು ಬಂದುದು ಅದರಿಂದಲೇ.

ಕೌಂಟರಿನ ಹಿಂದೆ ನಿಲ್ಲುವ ಹೊಸಬರು ಮೊದಲು ಕಲಿಯಬೇಕಾದುದು ಅಳತೆ: ಸಣ್ಣ ಪೆಗ್ 30 ಮಿಲಿಲೀಟರ್, ದೊಡ್ಡದು 60. ಬಳಿಕ ಬೆರಕೆ: ಜಿನ್‌ಗೆ ಟಾನಿಕ್, ರಮ್‌ಗೆ ಕೋಲಾ, ವೋಡ್ಕಾಕ್ಕೆ ಕಿತ್ತಳೆ ರಸ ಬೆರೆಸಿದರೆ ‘ಸ್ಕ್ರೂಡ್ರೈವರ್’, ಟೊಮೆಟೊ ರಸ ಬೆರೆಸಿದರೆ ‘ಬ್ಲಡಿ ಮೇರಿ’. ಗ್ಲಾಸನ್ನು ಓರೆಯಾಗಿ ಹಿಡಿದು ಸುರಿದರೆ ಬಿಯರಿನ ನೊರೆ ಉಕ್ಕದು.

ಮಹಾರಾಷ್ಟ್ರದಲ್ಲಿ ಬಿಯರಿಗೆ 21, ವಿಸ್ಕಿ, ರಮ್ ಮೊದಲಾದವುಗಳಿಗೆ 25 ವರ್ಷ ತುಂಬಿರಬೇಕು. ಅಳತೆ ಕುಂದಿದರೆ ಗಿರಾಕಿಗೆ ಮೋಸ. ವಯಸ್ಸು ವಿಚಾರಿಸದಿದ್ದರೆ ಮಾಲಕರ ಲೈಸೆನ್ಸಿಗೇ ಸಂಚಕಾರ. ಊರಿನಿಂದ ಈ ಕಸುಬಿಗೆ ಬರುವ ನಮ್ಮ ತರುಣರಿಗೆ ಇಷ್ಟನ್ನು ನಾವು ಮೊದಲೇ ತಿಳಿಸುವುದು ಒಳಿತು.