ಮೈ ಸತ್ತ ಮರ: ಕಾಸರಗೋಡಿನ ಒಂದು ಬಾಗಿಲು ಮತ್ತು ಪ್ಲಾಸ್ಮಾದ ಚರಿತ್ರೆ

ಗಡಿನಾಡ ಕನ್ನಡದ ಗೋಷ್ಠಿಯಲ್ಲಿ ಪ್ಲಾಸ್ಮಾ ಯಾಕೆ ಅಂತ ನೀವು ಕೇಳಬಹುದು. ನನಗೆ ಈ ವಿಷಯ ಸಿಕ್ಕಿದ್ದು ಕಾಸರಗೋಡಿನ ನಮ್ಮ ಮನೆಯ ತೇಗದ ಬಾಗಿಲಿನಿಂದ. ಅಂಟಿಸಿದ ಪಟ್ಟಿ ಒಂದೇ ಮಳೆಗಾಲಕ್ಕೆ ಕಳಚಿ ಬಂತು. ನೋಡಲು ಬಂದ ಹಿರಿಯ ಬಡಗಿ, "ಹೆರೆದು ತಿಂಗಳುಗಟ್ಟಲೆ ಇಟ್ಟದ್ದಲ್ವಾ, ಎಣ್ಣೆ ಮೇಲೆ ಬಂದು ಮೈ ಸತ್ತಿದೆ. ಅಂಟು ಹಿಡಿಯುದಿಲ್ಲ" ಅಂದರು.

ಮರವಿಜ್ಞಾನವೂ ಇದನ್ನು ಮೇಲ್ಮೈ ಜಡವಾಗುವುದು ಎಂದೇ ಕರೆಯುತ್ತದೆ. ಮರದೊಳಗಿನ ಮೇಣ, ರಾಳದಂಥ ದ್ರವ್ಯಗಳು ಹೊರಗೆ ಬಂದು ನೀರನ್ನೂ ಅಂಟನ್ನೂ ಹರಡಗೊಡುವುದಿಲ್ಲ. ಹನಿ ಮಣಿಯಾಗಿ ನಿಲ್ಲುತ್ತದೆಯೋ ಚಪ್ಪಟೆಯಾಗುತ್ತದೆಯೋ ಎಂಬುದನ್ನು ಅದು ಮುಟ್ಟುವ ಕೋನದಿಂದ ಅಳೆಯಬಹುದೆಂಬ ವಿಚಾರ ಥಾಮಸ್ ಯಂಗ್‌ನ 1805ರ ಪ್ರಬಂಧದಿಂದ ಬಂದದ್ದು. 1857ರಲ್ಲಿ ವೆರ್ನರ್ ಸೀಮೆನ್ಸ್ ಓಜೋನ್ ತಯಾರಿಸಲು ಗಾಜಿನ ತಡೆಯಿಟ್ಟು ಗಾಳಿಯಲ್ಲಿ ವಿದ್ಯುತ್ ವಿಸರ್ಜನೆ ಮಾಡಿಸಿದ. ಅಂಥ ವಿದ್ಯುದಾವಿಷ್ಟ ಅನಿಲಕ್ಕೆ 1928ರಲ್ಲಿ 'ಪ್ಲಾಸ್ಮಾ' ಎಂದು ಹೆಸರಿಟ್ಟವನು ಇರ್ವಿಂಗ್ ಲ್ಯಾಂಗ್‌ಮ್ಯೂರ್. ಗ್ರೀಕಿನಲ್ಲಿ ಅದರ ಅರ್ಥ ಅಚ್ಚಿನಲ್ಲಿ ರೂಪಿಸಿದ್ದು. (ಸಾಹಿತ್ಯದ ವಿದ್ಯಾರ್ಥಿ, ಪದ ಕಂಡರೆ ಬಿಡೋದಿಲ್ಲ.)

ಮರದ ಮೇಲೆ ಇಂದು ಪ್ರಯೋಗಿಸುವ ಹಲವು ಯಂತ್ರಗಳು ಸೀಮೆನ್ಸ್‌ನ ಆ ಕೊಳವೆಯ ವಂಶದವೇ. ಸಾಮಾನ್ಯ ಗಾಳಿಯ ಒತ್ತಡದಲ್ಲೇ ಕೆಲಸ ಮಾಡುತ್ತವೆ, ಮರ ಸುಡುವುದಿಲ್ಲ. ವಿಸರ್ಜನೆಯಲ್ಲಿ ಹುಟ್ಟಿದ ಚುರುಕು ಆಮ್ಲಜನಕದ ಕಣಗಳು ಮೇಲ್ಪದರಕ್ಕೆ ತಾಗಿ, ನೀರಿನ ಜೊತೆ ಸ್ನೇಹವಿರುವ ರಾಸಾಯನಿಕ ಗುಂಪುಗಳನ್ನು ಮೂಡಿಸುತ್ತವೆ. ಕೋನ ಇಳಿಯುತ್ತದೆ, ಅಂಟು ಹರಡುತ್ತದೆ. ಸಿಲಿಕಾನ್ ಸಂಯುಕ್ತದ ಆವಿ ಸೇರಿಸಿದರೆ ಕೆಲಸ ಉಲ್ಟಾ: ನೀರು ಹತ್ತದ ತೆಳು ಪದರ ಕೂರುತ್ತದೆ. ಬದಲಾಗುವುದು ಮಾತ್ರ ಕೆಲವು ನ್ಯಾನೋಮೀಟರ್ ಆಳದ ಮೈ. ಅದೂ ಶಾಶ್ವತವಲ್ಲ, ದಿನ ಕಳೆದಂತೆ ಮೈ ಮತ್ತೆ ಮಂಕಾಗುತ್ತದೆ. ಹಾಗಾಗಿ ಪ್ಲಾಸ್ಮಾ ಕೊಟ್ಟ ಮರವನ್ನೂ ಬೇಗ ಅಂಟಿಸಬೇಕು. ಬಡಗಿ ಹೇಳಿದ್ದೂ ಅದೇ ಅಲ್ಲವೇ!

ನನ್ನ ಚಿಂತೆ ಬೇರೆ. 'ಮೇಲ್ಮೈ' ನಮ್ಮ ಪಠ್ಯಪುಸ್ತಕದಲ್ಲಿದೆ. 'ಮೈ ಸತ್ತಿದೆ' ಎಂಬ ಮಾತನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ನಾವು ಗಡಿನಾಡಿನವರು ಶಾಲೆ, ಕಚೇರಿ, ನಾಮಫಲಕಗಳ ಲೆಕ್ಕ ಇಟ್ಟಷ್ಟು ಕೀಸುಳಿಯ ಸುತ್ತಲಿನ ಮಾತಿನ ಲೆಕ್ಕ ಇಟ್ಟಿಲ್ಲ. ಆ ಬಡಗಿಯ ಮಗನೂ ಅದೇ ಕೆಲಸದಲ್ಲಿದ್ದಾನೆ, ಆದರೆ ಕೆಲಸದ ಮಾತೆಲ್ಲ ಮಲಯಾಳದಲ್ಲಿ. ತಂದೆಯ ಮಾತು ಅವನಿಗೆ ಅರ್ಥವಾಗ್ತದೆ, ಅವನ ಬಾಯಲ್ಲಿ ಬರುವುದಿಲ್ಲ. ಆ ದಿನ ನಾನು ಬರೆದುಕೊಂಡದ್ದು ಹನ್ನೊಂದು ಪದ.

ಹೊಸ ಪಟ್ಟಿಯನ್ನು ಬೆಳಿಗ್ಗೆ ಹೆರೆದರು, ಮಧ್ಯಾಹ್ನದ ಊಟಕ್ಕೆ ಮೊದಲೇ ಅಂಟಿಸಿದರು.