ಕಾಕಾನ ಪಾನಾ, ಹುಡುಗನ ರಿಮೋಟ್ ಟ್ರಕ್ಕು

ಹೋದ ದೀಪಾವಳಿಗೆ ನಮ್ಮಣ್ಣನ ಮಗ ಪುಣೆಯಿಂದ ಬರುವಾಗ ಬಟ್ಟೆಯ ಬ್ಯಾಗಿನ ಜೊತೆಗೆ ಒಂದು ದೊಡ್ಡ ಡಬ್ಬಿಯನ್ನೂ ಹೊತ್ತು ತಂದಿದ್ದ. ಒಳಗಿದ್ದದ್ದು ರಿಮೋಟಿನಿಂದ ಓಡುವ ಟ್ರಕ್ಕು. ವೀರಭದ್ರೇಶ್ವರನ ಜಾತ್ರೆಯಲ್ಲಿ ಸಿಗುವಂಥದ್ದಲ್ಲ ಮತ್ತೆ! ಒಂದೂಕಾಲು ಅಡಿ ಉದ್ದ, ಸುಮಾರು ಎರಡು ಕೆಜಿ ತೂಕ, ನಾಲ್ಕೂ ಗಾಲಿಗೆ ಒಂದೊಂದು ಶಾಕ್ ಅಬ್ಸಾರ್ಬರು, ಹಿಂದೆ ಡಿಫರೆನ್ಷಿಯಲ್ಲು. ಮಣ್ಣಿನ ಟ್ರ್ಯಾಕಿನ ಮೇಲೆ ರೇಸು ಓಡಿಸಲಿಕ್ಕೆಂದೇ ಮಾಡಿದ್ದು. ಯಾರ ಕೈಯಿಂದಲೋ ಸೆಕೆಂಡ್ ಹ್ಯಾಂಡ್ ತಗೊಂಡಿದ್ದನಂತೆ. ಹುಮನಾಬಾದಿನ ಹೊರಗೆ ಒಂದು ಖಾಲಿ ಲೇಔಟಿನಲ್ಲಿ ಓಡಿಸಿ ತೋರಿಸಿದ. ನೆಟ್ಟಗೆ ಹೋಗುವಾಗ ಗುಂಡಿನ ಹಾಗೆ ಹೋಯಿತು. ತಿರುವಿನಲ್ಲಿ ಪಲ್ಟಿ. ಎತ್ತಿ ನಿಲ್ಲಿಸಿದ, ಮಣ್ಣಿನ ದಿಬ್ಬ ಹಾರಿಸಿದ, ಮೂಗು ಕೆಳಗೆ ಮಾಡಿ ಬಿತ್ತು. ಮತ್ತೆ ಪಲ್ಟಿ.

ನಮ್ಮ ಕಾಕಾ ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಪಕ್ಕ ಒಂದು ತಗಡಿನ ಶೆಡ್ಡಿನಲ್ಲಿ ನಲವತ್ತು ವರ್ಷ ಲಾರಿ ರಿಪೇರಿ ಮಾಡಿದವರು ಅವರು. ಶೆಡ್ಡು ಮುಚ್ಚಿ ಎರಡು ವರ್ಷವಾಯಿತು. ಪಾನಾ, ಜಾಕು, ಪುಲ್ಲರು ಎಲ್ಲ ಈಗ ಹಿತ್ತಲ ಖೋಲಿಯಲ್ಲಿ ಗೋಣಿಚೀಲದಲ್ಲಿವೆ. ಗುಜರಿಗೆ ಹಾಕೋಣ ಎನ್ನುವ ಮಾತು ಮನೆಯಲ್ಲಿ ಆಗಾಗ ಬರುತ್ತದೆ. ಆಗೆಲ್ಲ ಕಾಕಾ ಕೇಳಿಸದವರ ಹಾಗೆ ಎದ್ದು ಹೊರಗೆ ಹೋಗುತ್ತಾರೆ.

ಅವತ್ತು ಎದ್ದು ಬಂದವರೇ ಟ್ರಕ್ಕಿನ ಮೂತಿಯನ್ನು ಎರಡು ಬೆರಳಿನಿಂದ ಒತ್ತಿ ಬಿಟ್ಟರು. ಅದು ಟಣ್ ಟಣ್ ಎಂದು ಮೂರು ಸಲ ಕುಣಿಯಿತು.

"ತಮ್ಮಾ, ಇದರ ಶಾಕಪ್‌ನಾಗ ಎಣ್ಣಿನೇ ಇಲ್ಲ. ಬರೇ ಸ್ಪ್ರಿಂಗಿನ ಮ್ಯಾಲ ನಿಂತದ."

ಹುಡುಗನಿಗೆ ಆಶ್ಚರ್ಯ. ನನಗೂ. ಆಟಿಕೆಯೊಳಗೆ ಎಣ್ಣೆ ಇರುತ್ತದೆ ಅಂತ ಇವರಿಗೆ ಹೇಗೆ ಗೊತ್ತು? ಕೇಳಿದರೆ, "ಗಾಡಿ ಅಂದ ಮ್ಯಾಲ ಗಾಡಿನೇ. ಸಣ್ಣದಾದರೇನು" ಅಂದರು. ಇದು ಬರೀ ಮಾತಿಗೆ ಹೇಳಿದ್ದೋ ನಿಜವೋ ಎಂದು ಆಮೇಲೆ ಈ ಆಟದ ಚರಿತ್ರೆಯನ್ನು ಸ್ವಲ್ಪ ಕೆದಕಿದೆ. ಕಾಕಾನ ಮಾತೇ ನಿಜ.

ತಂತಿಯಿಲ್ಲದೆ ದೂರದಿಂದ ಗಾಡಿ ನಡೆಸುವ ವಿದ್ಯೆ ಹಳೆಯದು. 1898ರಲ್ಲೇ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯೊಳಗೆ ಪುಟ್ಟ ದೋಣಿಯನ್ನು ರೇಡಿಯೋ ಅಲೆಗಳಿಂದ ನಡೆಸಿ ತೋರಿಸಿದ್ದ. ಕಾರು ಬರಲು ಬಹಳ ಕಾಲ ಹಿಡಿಯಿತು. 1966ರ ಹೊತ್ತಿಗೆ ಇಟಲಿಯ ಒಂದು ಸಣ್ಣ ಕಂಪನಿ ರೇಡಿಯೋ ಫೆರಾರಿ ಮಾಡಿ ಮಾರಿತು. 1976ರಲ್ಲಿ ಜಪಾನಿನ ತಮಿಯಾ ಕಂಪನಿ ಪೋರ್ಶೆ 934 ಎಂಬ ಮಾದರಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಇದರ ಹಿಂದಿನ ಕಥೆ ಕೇಳಿ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾದರಿ ಸರಿಯಾಗಿ ಬರಬೇಕೆಂದು ತಮಿಯಾದವರು ಒಂದು ನಿಜವಾದ ಪೋರ್ಶೆ ಕಾರನ್ನೇ ಕೊಂಡು ಪೂರ್ತಿ ಬಿಚ್ಚಿದರಂತೆ. ಬಿಚ್ಚಿದ್ದೇನೋ ಆಯಿತು, ವಾಪಸ್ ಜೋಡಿಸಲು ಬರಲಿಲ್ಲ! ಕೊನೆಗೆ ಪೋರ್ಶೆ ಮೆಕ್ಯಾನಿಕ್ಕುಗಳನ್ನೇ ಕರೆಸಬೇಕಾಯಿತು. "ಬಿಚ್ಚೋರು ಊರ ತುಂಬ ಸಿಗತಾರ" ಅಂದರು ಕಾಕಾ.

ಮಣ್ಣಿನ ಮೇಲೆ ಓಡುವ ಗಾಡಿಗಳ ಕಥೆ ಇನ್ನೂ ಚೆಂದ. 1967ರಲ್ಲಿ ಮೆಕ್ಸಿಕೋದ ಬಾಹಾ ಮರುಭೂಮಿಯಲ್ಲಿ ರೇಸು ಶುರುವಾಯಿತು. ಹಳೆಯ ಫೋಕ್ಸ್‌ವ್ಯಾಗನ್ನುಗಳನ್ನು ಕೊಯ್ದು ಕಟ್ಟಿದ ಬಗ್ಗಿಗಳು ಅಲ್ಲಿ ಓಡಿದವು. ಅವುಗಳ ಮಾದರಿಯಲ್ಲೇ ತಮಿಯಾ 1979ರಲ್ಲಿ ರಫ್ ರೈಡರ್, ಸ್ಯಾಂಡ್ ಸ್ಕಾರ್ಚರ್ ಎಂಬ ಎರಡು ಗಾಡಿ ಬಿಟ್ಟಿತು. ಅಸಲು ಗಾಡಿ ಹತ್ತು ಅಡಿ ಇದ್ದರೆ ಇದು ಒಂದು ಅಡಿ, ಆ ಲೆಕ್ಕ. 1984ರಲ್ಲಿ ಕ್ಯಾಲಿಫೋರ್ನಿಯಾದ ಟೀಮ್ ಅಸೋಸಿಯೇಟೆಡ್ ಎನ್ನುವವರು ಆರ್‌ಸಿ10 ಎಂಬ ಬಗ್ಗಿ ತಂದರು. ಬಂಗಾರದ ಬಣ್ಣದ ಅಲ್ಯೂಮಿನಿಯಂ ಚೆಸ್ಸಿ, ಎಣ್ಣೆ ತುಂಬಿದ ಶಾಕ್‌ಗಳು, ಬಿಗಿ-ಸಡಿಲ ಮಾಡಬಹುದಾದ ಡಿಫರೆನ್ಷಿಯಲ್ಲು. ಅಲ್ಲಿಂದ ಮುಂದೆ ಇದು ಕಪಾಟಿನಲ್ಲಿಟ್ಟು ನೋಡುವ ಸಾಮಾನಾಗಿ ಉಳಿಯಲಿಲ್ಲ. ಗಾಡಿ ಹೇಗೆ ಕಾಣುತ್ತದೆ ಎನ್ನುವುದಕ್ಕಿಂತ ಹೇಗೆ ಸೆಟ್ ಮಾಡಿದ್ದಾನೆ ಎನ್ನುವುದೇ ಗೆಲುವನ್ನು ತೀರ್ಮಾನಿಸತೊಡಗಿತು. ಟ್ರಕ್ಕುಗಳು ಬಂದದ್ದು ಆಮೇಲೆ. ಅಮೆರಿಕದ ಸ್ಟೇಡಿಯಮ್ಮುಗಳೊಳಗೆ ಮಣ್ಣು ಸುರಿದು ಪಿಕಪ್ ಟ್ರಕ್ಕುಗಳ ರೇಸು ನಡೆಸುತ್ತಿದ್ದರು, ಅದನ್ನು ನೋಡಿ ಈ ಆಟದವರೂ "ಸ್ಟೇಡಿಯಂ ಟ್ರಕ್" ಎಂದು ಒಂದು ಬಗೆ ಮಾಡಿಕೊಂಡರು. ನಮ್ಮ ಹುಡುಗ ತಂದದ್ದು ಆ ಜಾತಿಯದು.

ರೇಡಿಯೋದ್ದೂ ಒಂದು ಕಥೆಯಿದೆ. ಮೊದಲು 27 ಮೆಗಾಹರ್ಟ್ಸ್, ಅದಕ್ಕೊಂದು ಹರಳು. ಇಬ್ಬರ ಹರಳು ಒಂದೇ ಆದರೆ ನನ್ನ ರಿಮೋಟಿಗೆ ನಿಮ್ಮ ಗಾಡಿ ತಿರುಗುತ್ತಿತ್ತು :-) ಈಗ ಎಲ್ಲರದೂ 2.4 ಗಿಗಾಹರ್ಟ್ಸ್, ಗೊಂದಲವಿಲ್ಲ. ನಮ್ಮ ದೇಶದಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಆ ತರಂಗವನ್ನು ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟದ್ದು 2005ರಲ್ಲಿ.

ಇನ್ನು ಕಾಕಾನ ವಿದ್ಯೆ ಬಂದ ದಾರಿ. ದಾರಿ ಅಂದರೆ ನಿಜಕ್ಕೂ ದಾರಿಯೇ, ಈ ಹೆದ್ದಾರಿ. ಹುಮನಾಬಾದು ಸೊಲ್ಲಾಪುರಕ್ಕೂ ಹೈದರಾಬಾದಿಗೂ ಹೆಚ್ಚುಕಡಿಮೆ ನಡುಮಧ್ಯ. ನಿಜಾಮನ ಕಾಲದಲ್ಲಿ ಹೈದರಾಬಾದ್ ಸಂಸ್ಥಾನದ ರೈಲ್ವೆಯವರು 1932ರಲ್ಲಿ 27 ಬಸ್ಸುಗಳಿಂದ ರಸ್ತೆ ಸಾರಿಗೆ ಶುರು ಮಾಡಿದರು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಹೈದರಾಬಾದಿನ ಕಡೆ ಹೊರಟದ್ದೂ ಸೊಲ್ಲಾಪುರದಿಂದ ಇದೇ ರಸ್ತೆ ಹಿಡಿದು. 14ನೇ ತಾರೀಖು ಮಧ್ಯಾಹ್ನದ ಹೊತ್ತಿಗೆ ನಮ್ಮ ಬಸವಕಲ್ಯಾಣ ತಾಲೂಕಿನ ರಾಜೇಶ್ವರ ಅವರ ಕೈಗೆ ಬಂತು. 1954ರಲ್ಲಿ ಟಾಟಾದವರು ಜರ್ಮನಿಯ ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿದರು. ಮೂತಿಯ ಮೇಲೆ ಬೆಂಜಿನ ನಕ್ಷತ್ರವಿದ್ದ ಆ ಲಾರಿಗಳ ಕೆಳಗೆ ಮಲಗಿಯೇ ಕಾಕಾನ ಉಸ್ತಾದ್ ಕೆಲಸ ಕಲಿತದ್ದು, ಉಸ್ತಾದನ ಕೈಯಲ್ಲಿ ಕಾಕಾ ಕಲಿತದ್ದು. ಆಗ ರಾಷ್ಟ್ರೀಯ ಹೆದ್ದಾರಿ 9, ಈಗ 65. ಬೀದರ್-ಕಲಬುರಗಿ ರಸ್ತೆಯೂ ಹುಮನಾಬಾದಿನಲ್ಲೇ ಇದನ್ನು ಕೂಡುತ್ತದೆ. ಸಸ್ತಾಪುರ ಬಂಗ್ಲಾದಿಂದ ಬಸವಕಲ್ಯಾಣದ ಕಡೆ ತಿರುಗಿದರೆ ಲಾರಿಯನ್ನೇ ನಂಬಿಕೊಂಡ ಮನೆಗಳು ಇವತ್ತಿಗೂ ಇವೆ. ಪಾಟಾ ಕಟ್ಟುವವರು, ಬಾಡಿ ಕಟ್ಟುವವರು, ಟಯರ್‌ನವರು, ಗ್ರೀಸಿನವರು, ಒಂದೊಂದು ಕೈಗೆ ಒಂದೊಂದು ಕೆಲಸ.

ಪುಸ್ತಕ ನೋಡಿ ಕಲಿತವರಲ್ಲ ಇವರು. ಡ್ರೈವರ್ ಬಂದು "ಗಾಡಿ ಎಡಕ್ಕ ಎಳೀಲತ್ತದ" ಅನ್ನಬೇಕು, ಇವರು "ಯಾವ ರೋಡಿನ್ಯಾಗ? ಲೋಡ್ ಎಷ್ಟಿತ್ತು?" ಎಂದು ಕೇಳಬೇಕು. ಅಲ್ಲಿಂದ ರಿಪೇರಿ ಶುರು.

ಹುಡುಗನ ರಜೆ ಮುಗಿಯುವವರೆಗೆ ನಮ್ಮ ಕಟ್ಟೆಯ ಮೇಲೆ ನಡೆದದ್ದೂ ಅದೇ. ಕಾಕಾ ಟ್ರಕ್ಕನ್ನು ತಲೆಕೆಳಗೆ ಮಾಡಿ ಒಂದು ಹಿಂದಿನ ಗಾಲಿ ಹಿಡಿದು ಇನ್ನೊಂದನ್ನು ತಿರುಗಿಸಿದರು. "ಕ್ರೌನ್, ಪಿನಿಯನ್ ಎಲ್ಲ ಅದ." ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಅದಕ್ಕೆ ಡಿಫರೆನ್ಷಿಯಲ್ಲು. ಫ್ರಾನ್ಸಿನ ಪೆಕರ್ ಎಂಬಾತ 1820ರ ದಶಕದಲ್ಲಿ ಉಗಿಬಂಡಿಗೆಂದು ಯೋಚಿಸಿದ್ದು ಇವತ್ತು ಟಾಟಾ ಲಾರಿಯಲ್ಲೂ ಇದೆ, ಈ ಎರಡು ಕೆಜಿಯ ಗಾಡಿಯಲ್ಲೂ ಇದೆ. ಮುಂದಿನ ಎರಡು ಗಾಲಿ ತಿರುಗುವಾಗ ಒಂದು ಹೆಚ್ಚು ಒಂದು ಕಡಿಮೆ ತಿರುಗುತ್ತವಲ್ಲ, ಅದೂ 1818ರಲ್ಲಿ ಲಂಡನ್ನಿನಲ್ಲಿ ಕುದುರೆಗಾಡಿಗೆಂದು ಪೇಟೆಂಟ್ ಆದದ್ದು.

ಆಮೇಲೆ ದಾರ ಕೇಳಿದರು. ಹೊಲಿಗೆಯ ದಾರ. ಲಾರಿಯ ಗಾಲಿಗಳು ನೆಟ್ಟಗಿವೆಯೇ ಎಂದು ನೋಡಲು ಉದ್ದಕ್ಕೆ ಹುರಿ ಹಿಡಿದು ಅಳೆಯುವುದು ಅವರ ಹಳೆಯ ಪದ್ಧತಿ. ಅದನ್ನೇ ಇಲ್ಲಿ ಮಾಡಿದರು. ಹಿಂದಿನ ಬಲಗಾಲಿ ಹೊರಗೆ ನೋಡುತ್ತಿತ್ತು! ಹಿಂದಿನ ಗಾಲಿಗಳು ಕೂದಲೆಳೆಯಷ್ಟು ಒಳಗೆ ನೋಡಬೇಕು, ಆಗಲೇ ಗಾಡಿ ಬಾಲ ಆಡಿಸುವುದಿಲ್ಲ. ಬಿಚ್ಚಿ ನೋಡಿದರೆ ಆರ್ಮಿನ ಪಿನ್ನು ಬಾಗಿತ್ತು. ಗೋಣಿಚೀಲ ಹೊರಗೆ ಬಂದದ್ದು ಆಗಲೇ. ಪಿನ್ನನ್ನು ಕಬ್ಬಿಣದ ತುಂಡಿನ ಮೇಲೆ ಉರುಳಿಸಿ ಉರುಳಿಸಿ ಸಣ್ಣ ಸುತ್ತಿಗೆಯಿಂದ ನೆಟ್ಟಗೆ ಮಾಡಿದರು.

ಪಿನಿಯನ್ನಿಗೂ ದೊಡ್ಡ ಹಲ್ಲುಗಾಲಿಗೂ ನಡುವೆ ಎಷ್ಟು ಸಂದು ಇರಬೇಕು? ಹುಡುಗ ಹೇಳಿದ, ತೆಳು ಕಾಗದದ ಪಟ್ಟಿ ಇಟ್ಟು ಬಿಗಿ ಮಾಡಬೇಕು, ಆಮೇಲೆ ಎಳೆದು ತೆಗೆಯಬೇಕು ಅಂತ. ಕಾಕಾ ಜೇಬಿನಿಂದ ಬಸ್ ಟಿಕೇಟು ತೆಗೆದರು. ಟ್ಯಾಪೆಟ್ ಹೊಂದಿಸಲು ಫಿಲ್ಲರ್ ಗೇಜ್ ಹಾಕಿ ಎಳೆಯುತ್ತಿದ್ದ ಕೈ ಅದು. ಟಿಕೇಟು ಹರಿಯದೆ, ಆದರೆ ಹಲ್ಲಿನ ಗುರುತು ಹೊತ್ತು ಹೊರಗೆ ಬಂತು. "ಬರೋಬರಿ."

ಎಲ್ಲದರಲ್ಲೂ ಕಾಕಾ ಗೆದ್ದರು ಅಂದುಕೊಳ್ಳಬೇಡಿ. ಶಾಕ್‌ಗೆ ಎಣ್ಣೆ ಬೇಕಲ್ಲ, ಹುಡುಗ ಸಿಲಿಕೋನ್ ಎಣ್ಣೆ ತರಿಸಬೇಕು ಎಂದ. "ಎಣ್ಣಿಗೆ ಎಣ್ಣಿ" ಎಂದು ಇವರು ಮನೆಯಲ್ಲಿದ್ದ ಗೇರ್ ಎಣ್ಣೆ ಹಾಕಿದರು. ಎರಡು ದಿನಕ್ಕೆ ಒಳಗಿನ ರಬ್ಬರ್ ರಿಂಗುಗಳು ಊದಿಕೊಂಡು ರಾಡು ಅಲುಗಾಡದೆ ಸಿಕ್ಕಿಕೊಂಡಿತು. ಹುಡುಗ ಏನೂ ಅನ್ನಲಿಲ್ಲ, ಹೊಸ ರಿಂಗು, ಸಿಲಿಕೋನ್ ಎಣ್ಣೆ ತರಿಸಿದ. ಕಾಕಾ ಅರ್ಧ ದಿನ ಕಟ್ಟೆಯ ಕಡೆ ಬರಲಿಲ್ಲ. ಎಣ್ಣೆ ಬಂದ ಮೇಲೆ ತಾವೇ ಬಂದು ತುಂಬಿದರು. ರಾಡನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ಗುಳ್ಳೆಗಳು ಮೇಲೆ ಬರುವವರೆಗೆ ಕಾದು, ಆಮೇಲೆ ಮುಚ್ಚಳ. ಒಳಗೆ ಗಾಳಿ ಉಳಿದರೆ ಶಾಕ್ ಕೆಲಸ ಮಾಡುವುದಿಲ್ಲ. "ಬ್ರೇಕಿನ ಏರ್ ತಗದಂಗೇ ಅದ" ಅಂದರು. ನಮ್ಮ ಬೇಸಿಗೆಗೆ ಎಣ್ಣೆ ತೆಳುವಾಗುತ್ತದೆ, ಆಗ ಒಂದು ಮಟ್ಟ ದಪ್ಪದ್ದು ಹಾಕಬೇಕು ಎಂದು ಹುಡುಗ ಬರೆದಿಟ್ಟುಕೊಂಡ.

ಮಣ್ಣಿನ ವಿಚಾರದಲ್ಲಿ ಮಾತ್ರ ಕಾಕಾನೇ ಗುರು. ಹುಮನಾಬಾದಿನ ಕಡೆ ಕೆಂಪು ಮೊರಂ. ಕೆಳಗೆ ಗಟ್ಟಿ, ಮೇಲೆ ಸಡಿಲ ಹರಳು. ಗಾಡಿ ಜಾರುತ್ತದೆ, ಅದಕ್ಕೆ ಸ್ಪ್ರಿಂಗು ಮೆತ್ತಗಿರಬೇಕು, ಗಾಲಿ ನೆಲವನ್ನು ಬಿಡಬಾರದು. ಹಳೆಯ ಮಾಲೀಕ ಸ್ಪ್ರಿಂಗನ್ನು ಬಿಗಿ ಮಾಡಿ ಗಾಡಿಯನ್ನು ಒಂಟೆಯ ಹಾಗೆ ಎತ್ತಿ ನಿಲ್ಲಿಸಿದ್ದ, ಪಲ್ಟಿಯಾಗದೆ ಇನ್ನೇನು? ಕ್ಲಿಪ್ಪು ತೆಗೆದು ಕೆಳಗಿಳಿಸಿದರು. ಬಸವಕಲ್ಯಾಣದ ಕಡೆಯ ಎರೆ ಮಣ್ಣು ಬೇರೆ. ಒಣಗಿದ್ದರೆ ಗಾಲಿ ಗಟ್ಟಿಯಾಗಿ ಕಚ್ಚುತ್ತದೆ, ಹಸಿಯಾದರೆ ಬೇರಿಂಗಿನವರೆಗೂ ಮೆತ್ತಿಕೊಳ್ಳುತ್ತದೆ. ಅಲ್ಲಿ ಓಡಿಸಿದ ಮೇಲೆ ನೀರು ಹೊಡೆಯಬಾರದು, ಮಣ್ಣು ಒಣಗಲು ಬಿಟ್ಟು ಬ್ರಷ್ಷಿನಿಂದ ಉದುರಿಸಿ ಬೇರಿಂಗು ತೆಗೆದು ಒರೆಸಬೇಕು.

ದಿಬ್ಬದ ಮೇಲೆ ಮೂಗು ಕೆಳಗಾಗುವುದಕ್ಕೆ ಮದ್ದು ಗೊತ್ತಿದ್ದದ್ದು ಹುಡುಗನ ಪುಣೆಯ ಗೆಳೆಯರಿಗೆ. ಗಾಡಿ ಗಾಳಿಯಲ್ಲಿರುವಾಗ ಎಕ್ಸಿಲೇಟರ್ ಬಿಟ್ಟರೆ ಮೂಗು ಇಳಿಯುತ್ತದೆ, ಒತ್ತಿದರೆ ಏಳುತ್ತದೆ. ತಿರುಗುವ ಗಾಲಿಯ ವೇಗ ಬದಲಾದಂತೆ ಅದರ ಎದುರು ದಿಕ್ಕಿಗೆ ಬಾಡಿ ತಿರುಗುತ್ತದೆ, ಅಷ್ಟೇ. ಕಾಕಾ ನಂಬಲಿಲ್ಲ. ನಲವತ್ತು ವರ್ಷದಲ್ಲಿ ಗಾಳಿಯಲ್ಲಿ ಹಾರುವ ಲಾರಿ ಅವರ ಶೆಡ್ಡಿಗೆ ಬಂದಿರಲಿಲ್ಲ :-) ಕೊನೆಗೆ ರಿಮೋಟು ತಾವೇ ಹಿಡಿದು ಹತ್ತು ಸಲ ಹಾರಿಸಿದರು. ಹತ್ತನೆಯ ಸಲ ನಾಲ್ಕೂ ಗಾಲಿ ಒಟ್ಟಿಗೆ ನೆಲಕ್ಕೆ ತಾಗಿದವು.

ಅವತ್ತು ಸಂಜೆ ನಾನು ಕೇಳಿಯೇ ಬಿಟ್ಟೆ. ಕೈಯಲ್ಲಿ ಇಷ್ಟು ಕೆಲಸ ಇಟ್ಟುಕೊಂಡು ಶೆಡ್ಡು ಯಾಕೆ ಮುಚ್ಚಿದಿರಿ ಅಂತ. ಅವರು ಹೇಳಿದ್ದು ಎರಡು ಮಾತು. ಮೊದಲು ಮೈಕೋ ಪಂಪಿನ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಹೊಗೆ ನೋಡಿ, ಸಪ್ಪಳ ಕೇಳಿ ಇಂಜಿನ್ ಹೊಂದಿಸುತ್ತಿದ್ದರು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಲಾರಿಗಳಲ್ಲಿ ತಿರುಗಿಸಲಿಕ್ಕೆ ಸ್ಕ್ರೂವೇ ಇಲ್ಲ, ಲ್ಯಾಪ್‌ಟಾಪ್ ಹಚ್ಚಬೇಕು. "ಗಾಡಿ ಈಗ ನನ್ನ ಕೂಡ ಮಾತಾಡಂಗಿಲ್ಲ, ತಮ್ಮಾ." ಹೊಗೆ ಕಡಿಮೆಯಾದದ್ದು ಒಳ್ಳೆಯದೇ ಎಂದು ಅವರೇ ಸೇರಿಸಿದರು. ನಲವತ್ತು ವರ್ಷ ಅದನ್ನು ನುಂಗಿದವರು.

ಹುಡುಗ ವಾಪಸ್ ಹೋಗುವಾಗ ಟ್ರಕ್ಕನ್ನು ಇಲ್ಲೇ ಬಿಟ್ಟು ಹೋದ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಇಡಬಾರದು, ಸೆಲ್ಲಿಗೆ 3.8 ವೋಲ್ಟ್ ಇರುವಾಗ ಎತ್ತಿಡಬೇಕು, ಬಿಸಿ ಇದ್ದಾಗ ಚಾರ್ಜಿಗೆ ಹಾಕಬಾರದು ಎಂದು ಕಾಕಾನಿಗೆ ಎರಡೆರಡು ಸಲ ಹೇಳಿದ. ಕಾಕಾ ಅದನ್ನು ಖೋಲಿಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡಿದ್ದಾರೆ. ಕೆಳಗೆ ಪಾನಾಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಮೊಳೆಗೆ ನೇತು ಹಾಕಿದ್ದಾರೆ. ಖಾಲಿ ಗೋಣಿಚೀಲವನ್ನು ಮೊನ್ನೆ ನಮ್ಮ ಕಾಕು ಜೋಳ ತುಂಬಲು ಒಯ್ದರು.